ಜಾಲಿ ಗಿಡದ ಬಂಗಾರ

ಕೊಂಡಾಪುರ, ಹೈದರಾಬಾದ್
೩ ಅಕ್ಟೋಬರ್ ೨೦೨೫, ದಸರಾ ಮರುದಿನ

ಸೌ. ಸುಹಾಸಿನಿಗೆ ದತ್ತಾತ್ರೇಯನ ಅನೇಕ ಆಶೀರ್ವಾದ. (ಆಶೀರ್ವಾದ ಅಂತ ಬರದ್ರ ನೀ ನಗತಿ ಅಂತ ಗೊತ್ತೈತಿ. ನಮ್ಮಪ್ಪ ನಮ್ಮವ್ವಗ ಹಂಗ ಬರೀತಿದ್ದ, ನನಗ ಬ್ಯಾರೆ ಬರಂಗಿಲ್ಲ.)

ನಿನ್ನ ಮೊಣಕಾಲು ಹೆಂಗೈತಿ? ಹಪ್ಪಳ ಒಣಗಸಾಕ ದಿನಾ ಮಾಳಗಿ ಹತ್ತಿ ಇಳೀತಿ ಅಂತ ಕೇಳೀನಿ. ಆ ಕೆಲಸಕ್ಕ ನಿನ್ನ ತಂಗಿನ್ನ ಕಳಸು, ಮೃಣಾಲಿನಿ ಇನ್ನೂ ಗಟ್ಟಿ ಇದ್ದಾಳ. ನಾ ಆರಾಮ ಇದ್ದೀನಿ, ಬಿ.ಪಿ. ಗುಳಿಗಿ ತಪ್ಪಿಸಿಲ್ಲ. ವಿಶ್ವಜಿತ್ ಮತ್ತ ಸೊಸಿ ಮುಂಜಾನೆ ಆಫೀಸಿಗೆ ಹೋದವರು ಸಂಜಿಗೆ ಬರ್ತಾರ, ನಡುವ ನಾನೂ ಕುಕ್ಕರೂ. ಇದನ್ನೆಲ್ಲಾ ಫೋನಿನ್ಯಾಗ ಹೇಳಬಹುದಿತ್ತು, ಖರೆ. ಆದ್ರ ನೀ ಫೋನ್ ಹಿಡದ್ರ ‘ಊಟ ಆತಾ, ಗುಳಿಗಿ ತಗೊಂಡ್ರಾ’ ಅಂತ ಎರಡು ಮಾತು ಕೇಳಿ ಮೃಣಾಲಿನಿ ಕೈಗೆ ಕೊಟ್ಟಬಿಡ್ತಿ. ಕಾಗದಾನ ಹಂಗ ದಾಟಸಾಕ ಬರಂಗಿಲ್ಲ. ಕುಂತು ಪೂರ್ತಿ ಓದು.

ಹ್ವಾದ ವರ್ಷದ ದಸರಾ ನಾ ಮರತಿಲ್ಲ. ಕೋಠಿ ಓಣಿಯ ಹಳೆ ಮನಿ ಬಿಟ್ಟು ಈ ದೊಡ್ಡ ಬಿಲ್ಡಿಂಗಿಗೆ ಬಂದ ಮ್ಯಾಲ ಮೊದಲನೇ ದಸರಾ ಅದು. ನೀ ಇಳಕಲ್ ಸೀರಿ ಉಟ್ಟು, ತಾಟಿನ್ಯಾಗ ಬನ್ನಿ ಹಿಡಕೊಂಡು ನಮ್ಮ ಸಾಲಿನ ಬಾಗಲಾ ಎಲ್ಲಾ ಬಡದಿ. ಅರ್ಧ ಮಂದಿ ತೆಗೀಲಿಲ್ಲ. ಒಬ್ಬ ಹುಡುಗ ಜಾಳಗಿ ಬಾಗಲದೊಳಗಿಂದನ ‘ನಾವು ಏನೂ ಆರ್ಡರ್ ಮಾಡಿಲ್ಲ ಆಂಟಿ’ ಅಂದ. ನಾ ನಕ್ಕೆ, ನೀ ನಗಲಿಲ್ಲ. ಕೋಠಿಯೊಳಗ ಬನ್ನಿ ಕೊಟ್ಟು ತಗೊಂಡು ಮುಗಸೂದ್ರಾಗ ನಮಗ ಊಟದ ಹೊತ್ತು ಮೀರಿ ಹೋಗ್ತಿತ್ತು, ಇಲ್ಲೆ ತಾಟು ತುಂಬಿದ್ದು ತುಂಬಿದಂಗ ಮನಿಗೆ ಬಂತು. ಯುಗಾದಿ ಆದ ಮ್ಯಾಲ ಕಲಬುರಗಿಗೆ ತಂಗಿ ಮನಿಗೆ ಹೊಂಟಾಗ ನೀ ಹೇಳಿದ್ದು ಅದ: ‘ಬನ್ನಿ ಕೊಡಾಕ ಒಂದು ಮನಿ ಇಲ್ಲರಿ ಇಲ್ಲೆ, ನಾ ಯಾರಿಗೆ ಅಂತ ಇರ್ಲಿ?’ ಆ ಮಾತು ನನಗ ನೆಟ್ಟತು. ನಾ ಒಬ್ಬಾಂವ ಇದ್ದೀನಲ್ಲ ಅನ್ನಿಸ್ತು. ಆದ್ರ ನೀ ಹೇಳಿದ್ದು ಸುಳ್ಳೂ ಅಲ್ಲ. ಒಂದು ತಿಂಗಳಿಗೆ ಅಂತ ಹೋದಾಕಿ ಆರು ತಿಂಗಳಾತು ಬಂದಿಲ್ಲ.

ಈಗ ಇಲ್ಲಿ ಸುದ್ದಿ ಕೇಳು. ನಮ್ಮ ಬಿಲ್ಡಿಂಗಿನ ಹಿಂದ ಕೆರಿ ದಂಡಿಗುಂಟ ನಡ್ಯಾಕ ಅಂತ ಒಂದು ದಾರಿ ಮಾಡ್ಯಾರಲ್ಲ, ನೀ ಮೂಗು ಮುಚ್ಚಿಕೊಂಡು ಒಮ್ಮೆ ನೋಡಿ ಬಂದಿದ್ದಿ. ಕಲ್ಲು ಹಾಸಿ, ಗಿಡ ಹಚ್ಚಿ, ಮಂದಿ ಮರತಬಿಟ್ಟಿದ್ರು. ಈ ಕಡೆ ತುದಿ ನಮ್ಮ ಅಪಾರ್ಟ್‌ಮೆಂಟು, ಆ ಕಡೆ ತುದಿ ಹಳೆ ಊರು. ನಡುವ ಒಂದು ಗೇಟು, ಅದಕ್ಕ ನಮ್ಮ ಸೊಸೈಟಿ ಕೀಲಿ. ಯಾರದೋ ಸೈಕಲ್ ಕಳುವಾತು ಅಂತ ಅಧ್ಯಕ್ಷ ಗೋಪಿನಾಥರು ಹಾಕಿಸಿದ್ದು. ಡಾಕ್ಟರ್ ನಡೀರಿ ಅಂದದ್ದಕ್ಕ ನಾ ದಿನಾ ಗೇಟಿನ ತನಕ ಹೋಗಿ ಬರ್ತಿದ್ದೆ. ನನ್ನಂಗ ಬ್ಯಾರೆಯವರೂ ಬರ್ತಿದ್ರು, ಕಿವ್ಯಾಗ ಹಾಡು ಕೇಳೋ ಯಂತ್ರ ಇಟ್ಟುಕೊಂಡು. ನಮಸ್ಕಾರ ಅಂದ್ರ ಅವರಿಗೆ ಕೇಳ್ತಿರಲಿಲ್ಲ. ಅದಕ್ಕ ಒಂದು ಉಪಾಯ ಮಾಡಿದೆ. ಸಿಟ್ಟಾಗಬ್ಯಾಡ. ನಿಮ್ಮಪ್ಪ ಕೊಟ್ಟ ಸಾಗವಾನಿ ಬೆಂಚು, ಫ್ಲ್ಯಾಟಿನ್ಯಾಗ ಹಿಡಸಲಾರದ್ದಕ್ಕ ಕಾರು ನಿಲ್ಲಸೋ ಜಾಗಾದಾಗ ಧೂಳು ತಿಂತಿತ್ತಲ್ಲ, ಅದನ್ನ ಗೇಟಿನ ಮುಂದ ಹಾಕಿಸಿಬಿಟ್ಟೆ. ನಡದು ನಡದು ತಿರುಗೋ ಜಾಗಾ ಅದು. ಬೆಂಚು ಕಂಡ್ರ ಮನುಷ್ಯಾ ಕೂಡತಾನ, ಕುಂತ್ರ ಕಿವ್ಯಾಗಿಂದು ತೆಗೀತಾನ, ತೆಗದ್ರ ನನ್ನ ಕೈಯಾಗ ಸಿಕ್ಕಂಗನ.

ಮೊದಲು ಸಿಕ್ಕಾಕಿ ವನಜಾ ಅಂತ, ಉಡುಪಿ ಕಡೆ ಹುಡುಗಿ, ಕಂಪ್ಯೂಟರ್ ಕೆಲಸ. ಕಾಲು ಉಳುಕಿ ಕುಂತಾಕಿ ತಾಸು ಹೊತ್ತು ಅವರ ಅಮ್ಮನ ಮೀನಸಾರಿನ ವರ್ಣನಾ ಮಾಡಿದಳು. ನನ್ನಂಥಾ ಸೊಪ್ಪು ತಿನ್ನಾಂವಗ ಯಾಕ ಹೇಳ್ತಿ ತಾಯಿ ಅಂದ್ರ, ‘ಕೇಳುವವರು ಸಿಕ್ಕಿದ್ದೇ ದೊಡ್ಡದು ಮಾರಾಯ್ರೆ’ ಅಂತು ಪೋರಿ. ಆಮ್ಯಾಲ ಮೈಸೂರಿನ ಪ್ರಜ್ವಲ, ದಿನಾ ಓಡಾಂವ, ಈಗ ಓಡೂದು ಕಮ್ಮಿ, ಕೂಡೂದು ಹೆಚ್ಚು. ಅವರ ಹಿಂದ ಇನ್ನಷ್ಟು ಮಂದಿ, ತೆಲುಗಿನವರು, ಹಿಂದಿಯವರು. ಕಸಾ ಅವರ ಆರಿಸಿ ಸ್ವಚ್ಛ ಮಾಡಿದ್ರು, ನೀ ಈಗ ಮೂಗು ಬಿಟ್ಟಕೊಂಡ ನಡೀಬಹುದು. ರವಿವಾರ ಒಬ್ಬೊಬ್ಬರು ಒಂದೊಂದು ತಿನಸು ತರ್ತಾರ. ನಾ ಅವಲಕ್ಕಿ ಹಚ್ಚಿಕೊಂಡು ಹೋಗಿದ್ದೆ. ಉಪ್ಪು ಮುಂದಾಗಿತ್ತು, ಆದ್ರೂ ಡಬ್ಬಿ ಖಾಲಿ ಆತು. ಗೇಟಿನ ಆ ಕಡೆಯಿಂದ ಯಾದಮ್ಮ ಅಂತ ಎಮ್ಮಿ ಸಾಕಿದಾಕಿ, ನಿನ್ನ ವಾರಗಿಯಾಕಿ, ಸರಳಿನ ಸಂದ್ಯಾಗಿಂದನ ಮಜ್ಜಿಗಿ ಗ್ಲಾಸು ಚಾಚತಾಳ. ನಾವು ಈ ಕಡೆ, ಅಕಿ ಆ ಕಡೆ, ಜೈಲಿನ್ಯಾಗ ಭೇಟಿ ಮಾಡಿದಂಗ. ಒಳಗ ಇದ್ದವರು ಯಾರು ಅಂತ ಮಾತ್ರ ಇನ್ನೂ ತೀರ್ಮಾನ ಆಗಿಲ್ಲ.

ಬೆಂಚಿನ ಬಾಜೂಕ ಒಂದು ಗಿಡ ಇತ್ತು. ಸಣ್ಣ ಸಣ್ಣ ಎಲಿ, ಮುಳ್ಳು. ಬನ್ನಿ ಸಿಕ್ತು ಅಂತ ನನಗ ಸ್ವರ್ಗ ಸಿಕ್ಕಂಗಾತು. ಬುಡಕ್ಕ ಕಲ್ಲು ಕಟ್ಟಿಸಿದೆ, ಕುಂಕುಮ ಹಚ್ಚಿದೆ, ಬ್ಯಾಸಗಿ ಪೂರ್ತಿ ಕೊಡದಾಗ ನೀರು ಹೊತ್ತು ಹಾಕಿದೆ. ಈ ದಸರಾಕ್ಕ ಇಲ್ಲೇ ಬನ್ನಿ ಮುಡಿಯೋಣು ಅಂತ ಎಲ್ಲಾರಿಗೂ ಹೇಳಿದೆ. ನಿನ್ನೆ ಸಂಜಿಗೆ ಎಷ್ಟು ಮಂದಿ ಬಂದಿದ್ರು ಅಂತಿ. ಗೇಟು ತೆಗೀಬಾರದು ಅನ್ನೋ ಗೋಪಿನಾಥರೂ ಬಂದಿದ್ರು, ಜರಿ ಧೋತರ ಉಟ್ಟು. ದೀಪಾ ಹಚ್ಚಿ, ಕಾಯಿ ಒಡದು, ಎಲಿ ಹರದು ಹಂಚಿದೆ. ‘ಬನ್ನಿ ತಗೊಂಡು ಬಂಗಾರದಂಗ ಇರೋಣು’ ಅಂತ ಹೇಳಾಕ ಕಲಿಸಿದೆ. ಒಬ್ಬರಿಗೊಬ್ಬರು ಕೊಟ್ರು, ಅಪ್ಪಿಕೊಂಡ್ರು, ಹುಡುಗ್ರು ಕಾಲಿಗೆ ಬಿದ್ರು. ಅಷ್ಟ್ರಾಗ ಗೋಪಿನಾಥರು ‘ಅಯ್ಯೋ’ ಅಂತ ಹೆಬ್ಬಟ್ಟು ಹಿಡಕೊಂಡ್ರು. ಬೆರಳುದ್ದದ ಮುಳ್ಳು. ಬನ್ನಿಗೆ ಇಂಥಾ ಮುಳ್ಳು ಎಲ್ಲಿಂದ ಬಂತು ಅಂತ ತಲಿ ಎತ್ತಿ ನೋಡ್ತೀನಿ, ಮ್ಯಾಲಿನ ಟೊಂಗ್ಯಾಗ ಹಳದಿ ಕಾಯಿ ಜೋತು ಬಿದ್ದಾವು. ಬಳ್ಳಾರಿ ಜಾಲಿ, ಸುಹಾಸಿನಿ. ರಾಯಚೂರು ಸೀಮ್ಯಾಗ ಹುಟ್ಟಿ ಬೆಳದಾಂವ ನಾ, ಆಡು ತಿನ್ನೋ ಆ ಕಾಯಿ ಸಣ್ಣಾಂವ ಇದ್ದಾಗಿಂದ ನೋಡೀನಿ. ಜಾಲಿಗೆ ನೀರು ಹೊತ್ತು ಹಾಕಿದಾಂವ ಈ ದೇಶದಾಗ ನಾ ಒಬ್ಬನ ಇರಬೇಕು.

ಸುಮ್ಮನಿದ್ರ ನಡೀತಿತ್ತು, ಯಾರಿಗೂ ಗೊತ್ತಾಗ್ತಿರಲಿಲ್ಲ. ಆದ್ರ ಹಬ್ಬದ ದಿನ ಸುಳ್ಳು ಬಂಗಾರ ಹಂಚಿ ನಿದ್ದಿ ಹೆಂಗ ಬರಬೇಕು. ಬೆಂಚಿನ ಮ್ಯಾಲ ನಿಂತು ಹೇಳಿಬಿಟ್ಟೆ, ಇದು ಬನ್ನಿ ಅಲ್ಲರಿ, ಜಾಲಿ. ಎಲ್ಲಾರೂ ಕೈಯಾಗಿನ ಎಲಿ ನೋಡಿಕೊಂಡ್ರು. ನನಗ ಭೂಮಿ ಬಾಯಿ ತೆರೀಬಾರದಾ ಅನ್ನಿಸ್ತು. ಆಮ್ಯಾಲ ಪ್ರಜ್ವಲ ‘ಹಾಗಾದ್ರೆ ವಾಪಸ್ ಅಪ್ಕೋಬೇಕಾ ಸಾರ್’ ಅಂದ. ವನಜಾ ‘ಅಮ್ಮನಿಗೆ ಫೋಟೋ ಕಳಿಸಿ ಆಯ್ತಲ್ಲ’ ಅಂತ ಹಣಿ ಬಡಕೊಂಡಳು. ನಗು ಶುರು ಆತು ನೋಡು, ನಿಲ್ಲಲೇ ಇಲ್ಲ. ಗೇಟಿನ ಆ ಕಡೆ ಹಳೆ ಊರಿನ್ಯಾಗ ಡಪ್ಪು ಬಡ್ಯಾಕತ್ತಿದ್ರು, ಅವರ ಗುಡಿ ಮುಂದ ಖರೇ ಜಮ್ಮಿ ಐತಿ. ನಾವು ಅನ್ನೋ ಬನ್ನೀನ ಅವರು ಜಮ್ಮಿ ಅಂತಾರ. ಗೋಪಿನಾಥರು ಹೆಬ್ಬಟ್ಟು ಚೀಪಿಕೊಂತ, ಜಾಲಿ ಹಿಡಕೊಂಡು ಮನಿಗೆ ಹೋದ್ರ ನಮ್ಮಾಕಿ ಒಳಗ ಬಿಡಂಗಿಲ್ಲ ಅಂತ ಹೇಳಿ ತಾವಾಗೇ ಕೀಲಿಕೈ ತಗದ್ರು. ಕೀಲಿ ಜಂಗು ಹಿಡದು ತಿರಗವಲ್ದು. ದೀಪದಾಗಿನ ಎಣ್ಣಿ ಹೊಯ್ದು ತಿರುವಿದಿವಿ.

ಹಿಂಗ ಆ ದಾರಿ ಈ ತುದಿಯಿಂದ ಆ ತುದಿ ತನಕ ಮೊದಲನೇ ಸಲ ನಡದಿವಿ, ಜಾಲಿ ಎಲಿ ಹಿಡದ ಮೆರವಣಿಗಿ. ಆ ಊರಿನವರು ಯಾರು ಏನು ಅಂತ ಕೇಳಲಿಲ್ಲ. ‘ಜಮ್ಮಿ ಬಂಗಾರಂ’ ಅಂತ ಕೈಯಾಗ ಎಲಿ ಇಟ್ಟು, ಅಲಾಯ್ ಬಲಾಯ್ ಅಂತ ಅಪ್ಪಿಕೊಂಡ್ರು. ನನ್ನ ಬೆನ್ನು ಇನ್ನೂ ನೋಯಾಕತ್ತೈತಿ. ಯಾದಮ್ಮ ಮಾತ್ರ ನನ್ನ ಹಿಂದ ಮುಂದ ನೋಡಿ, ಹಬ್ಬದ ದಿನ ಒಬ್ಬರ ಬಂದೀರಿ, ನಿಮ್ಮಾಕಿ ಎಲ್ಲೆ ಅಂತ ಕೇಳಿದಳು. ಖರೇ ಇದ್ದದ್ದು ಹೇಳಿದೆ. ನೀ ತಾಟು ಹಿಡಕೊಂಡು ಬಾಗಲಾ ಬಡದದ್ದು, ತುಂಬಿದ ತಾಟು ವಾಪಸ್ ಬಂದದ್ದು, ನೀ ಊರು ಬಿಟ್ಟದ್ದು. ನಮ್ಮ ಬಿಲ್ಡಿಂಗಿನವರೂ ಬಾಜೂಕ ನಿಂತು ಕೇಳಿದ್ರು. ಆಮ್ಯಾಲ ಅವರವರ ನಡುವ ಗುಸುಗುಸು ನಡೀತು.

ಗೋಪಿನಾಥರು ಗೇಟಿಗೆ ಮತ್ತ ಕೀಲಿ ಹಾಕಾಕ ಮರತಾರೋ, ಮರತಂಗ ಮಾಡ್ಯಾರೋ ಗೊತ್ತಿಲ್ಲ. ಇವತ್ತು ಮುಂಜಾನೆ ಯಾದಮ್ಮನ ಎಮ್ಮಿ ನಮ್ಮ ಕಾರು ನಿಲ್ಲಸೋ ಜಾಗಾದ ತನಕ ಬಂದಿತ್ತು. ಯಾರೂ ಬೈಲಿಲ್ಲ.

ಮೃಣಾಲಿನಿಗೂ ಅವರ ಮನಿಯವರಿಗೂ ನನ್ನ ನಮಸ್ಕಾರ ಹೇಳು. ಸಣ್ಣವರಿಗೆ ಆಶೀರ್ವಾದ. ನೀ ಮೊಣಕಾಲಿಗೆ ಎಣ್ಣಿ ತಿಕ್ಕೂದು ಬಿಡಬ್ಯಾಡ.

ನಿನ್ನವ,
ದತ್ತಾತ್ರೇಯ

ತಾ.ಕ.: ಕಾಗದ ಒಯ್ಯೋ ಶಾಂತಪ್ಪ ಬಸ್ಸಿಗೆ ಹೊತ್ತಾತು ಅಂತ ಬಾಗಲದಾಗ ನಿಂತಾನ, ಗಡಿಬಿಡಿಲೆ ಹೇಳ್ತೀನಿ. ನಾಡಿದ್ದು ರವಿವಾರ ನಾವೆಲ್ಲಾರೂ ಒಂದು ಟೆಂಪೋ ಮಾಡಿಕೊಂಡು ಕಲಬುರಗಿಗೆ ಬರಾಕತ್ತೀವಿ, ನಿನಗ ಬನ್ನಿ ಕೊಡಾಕ. ಖರೇ ಬನ್ನಿ, ಯಾದಮ್ಮ ಸ್ವತಃ ಹರದು ಒದ್ದಿ ಅರಿವ್ಯಾಗ ಕಟ್ಟಿಟ್ಟಾಳ. ಹುಣ್ಣಿಮಿ ತನಕ ಕೊಡಬಹುದು ಅಂತ ನಿಮ್ಮವ್ವಾರು ಹೇಳ್ತಿದ್ದರಲ್ಲ. ಇದು ನನ್ನ ವಿಚಾರ ಅಲ್ಲ, ಅಕಿ ಬರದಿದ್ರ ನಾವ ಹೋಗೋಣು ಅಂತ ಅವರ ಹಟಾ ಹಿಡದಾರ. ಮೃಣಾಲಿನಿಗೆ ಗಾಬರಿ ಆಗಬ್ಯಾಡ ಅನ್ನು, ರೊಟ್ಟಿ ಅಷ್ಟು ಇದ್ರ ಸಾಕು, ಪಲ್ಯ ನಾವು ತರ್ತೀವಿ. ಗಾಡ್ಯಾಗ ನನ್ನ ಬಾಜೂಕ ಒಂದು ಸೀಟು ಖಾಲಿ ಇಟ್ಟಾರ. ಅಷ್ಟು ಮಂದಿ ಮುಂದ ನನಗ ಬಾಯಿ ಬಿಟ್ಟು ಕೇಳಾಕ ಆಗಂಗಿಲ್ಲ, ನಾಚಿಕಿ ಬರ್ತೈತಿ, ಅದಕ್ಕ ಇಲ್ಲೇ ಕೇಳಿಬಿಡ್ತೀನಿ: ಸುಹಾಸಿನಿ, ಮನಿಗೆ ಬಾ.