ದಪ್ಪಕ್ಷರದ ಆ ಒಂದು ಸಾಲು

ಅಂತರರಾಷ್ಟ್ರೀಯ ಮಾನವ ಹಕ್ಕುಗಳ ಸಂಸ್ಥೆಯ ನಾಪತ್ತೆ ಪ್ರಕರಣಗಳ ವಿಭಾಗದ ಕಾರ್ಯದರ್ಶಿಗಳಿಗೆ,

ಮಾನ್ಯರೇ,

ನಂಬಿ ಕೊಟ್ಟ ಒಂದು ಹೆಸರನ್ನು ತಾವು ಯಾರಿಗೆ ಕೊಡಬಾರದಿತ್ತೋ ಅವರಿಗೇ ಕೊಟ್ಟಿರಿ. ಆ ಹೆಸರಿನ ಮನುಷ್ಯ ನಲವತ್ತೊಂದು ದಿನಗಳಿಂದ ಮನೆಗೆ ಬಂದಿಲ್ಲ. ಸುತ್ತಿ ಬಳಸದೆ ಹೇಳುತ್ತಿದ್ದೇನೆ, ಕ್ಷಮಿಸಿ. ತಮ್ಮ ಕಚೇರಿಯ ಪತ್ರಗಳನ್ನು ಓದಿ ಓದಿ ಸುತ್ತುಬಳಸಿನ ಭಾಷೆಯೇ ನನಗೆ ಸಾಕಾಗಿಹೋಗಿದೆ.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವಳು. ತಮ್ಮ ಸಂಸ್ಥೆ ನಡೆದುಬಂದ ದಾರಿಯ ಪುಸ್ತಿಕೆ ನಮ್ಮ ಭಾಷೆಯಲ್ಲಿ ಅಚ್ಚಾದಾಗ ಅದನ್ನು ತಿದ್ದಿದ್ದು ನಾನೇ. ಮಹಾಯುದ್ಧ ಮುಗಿದದ್ದು, ಇನ್ನೆಂದೂ ಹೀಗಾಗದಿರಲೆಂದು ದೇಶದೇಶದವರು ಒಂದೆಡೆ ಕೂತದ್ದು, ಮೊದಲು ಘೋಷಣೆ, ಆಮೇಲೆ ಒಡಂಬಡಿಕೆ, ಒಡಂಬಡಿಕೆಗೊಂದು ಸಮಿತಿ, ಸಮಿತಿಗೊಂದು ಉಪಸಮಿತಿ, ಎಲ್ಲವನ್ನೂ ಮೂರು ಸಲ ಓದಿದೆ. ನಗಬೇಡಿ, ಮೂರನೇ ಸಲ ಕಣ್ಣು ತುಂಬಿ ಬಂದಿತ್ತು. ದಿಕ್ಕಿಲ್ಲದ ಒಬ್ಬ ಮನುಷ್ಯ ತನ್ನ ಸರ್ಕಾರದ ಮೇಲೆ ಜಗತ್ತಿಗೇ ದೂರು ಕೊಡಬಹುದೆಂದರೆ ಸಣ್ಣ ಮಾತೇ? "ಸಾಕ್ಷಿಗಳ ಗುರುತನ್ನು ಯಾವ ಕಾರಣಕ್ಕೂ ಬಿಟ್ಟುಕೊಡುವುದಿಲ್ಲ" ಎಂಬ ಸಾಲು ಯಾರ ಕಣ್ಣಿಗೂ ತಪ್ಪದಿರಲೆಂದು ಅದನ್ನು ದಪ್ಪಕ್ಷರದಲ್ಲಿ ಹಾಕಿಸಿದ್ದೂ ನಾನೇ.

ಕಳೆದ ವರ್ಷ ನನ್ನ ಗಂಡನನ್ನು ಹಿಡಿದುಕೊಂಡು ಹೋದರು. ಕಾರ್ಮಿಕ ಸಂಘದ ಕರಪತ್ರ ಅಚ್ಚು ಹಾಕಿದ್ದೇ ಆತನ ಅಪರಾಧ. ಆಗ ಆತ ನಮ್ಮ ಬೀದಿಯ ಕ್ಷೌರದಂಗಡಿಯಲ್ಲಿ ಕೂತಿದ್ದ. ಒಂದು ಕೆನ್ನೆ ಬೋಳಿಸಿ ಆಗಿತ್ತು, ಇನ್ನೊಂದರ ಮೇಲೆ ಸೋಪಿನ ನೊರೆ. ಕೊರಳಿಗೆ ಕಟ್ಟಿದ್ದ ಬಟ್ಟೆ ಬಿಚ್ಚಲೂ ಬಿಡದೆ ಜೀಪು ಹತ್ತಿಸಿದರು. ಠಾಣೆಗೆ ಓಡಿದರೆ, "ಅಂಥೋರು ಯಾರೂ ಇಲ್ಲಿಗೆ ಬಂದೇ ಇಲ್ಲಮ್ಮ" ಅಂದರು. ಕಣ್ಣಾರೆ ಕಂಡವನು ಕ್ಷೌರದಂಗಡಿಯವನೊಬ್ಬನೇ.

ತಮಗೆ ಅರ್ಜಿ ಬರೆದೆ. ಪ್ರತ್ಯಕ್ಷಸಾಕ್ಷಿಯ ಸಹಿ ಬೇಕೆಂದಿರಿ. ಕ್ಷೌರದಂಗಡಿಯವನನ್ನು ಕೇಳಿದಾಗ ಅವನು ಕತ್ತರಿ ಒರೆಸಿ ಪಕ್ಕಕ್ಕಿಟ್ಟ.

"ಅಕ್ಕಾ, ನಂಗೂ ಇಬ್ರು ಹೆಣ್ಮಕ್ಳಿದಾರೆ. ನನ್ ಹೆಸ್ರು ಹೊರಗೆ ಬರಲ್ಲ ತಾನೆ?"

ಪುಸ್ತಿಕೆ ತೆಗೆದು ಆ ಸಾಲು ತೋರಿಸಿದೆ. "ನೋಡಪ್ಪ, ಇದೇನು ನಮ್ಮೂರ ಠಾಣೆ ಅಲ್ಲ. ಇಡೀ ಪ್ರಪಂಚ ಸೇರಿ ಮಾತು ಕೊಟ್ಟಿದೆ."

"ನೀವು ಹೇಳಿದ್ಮೇಲೆ ಇನ್ನೇನಿದೆ, ಕೊಡಿ" ಎಂದು ಸಹಿ ಹಾಕಿದ. ನನ್ನ ಮುಖ ನೋಡಿ ಹಾಕಿದ ಸ್ವಾಮಿ, ತಮ್ಮ ಮುಖ ನೋಡಿಯಲ್ಲ.

ತಾವೇನು ಮಾಡಿದಿರಿ? "ಅಭಿಪ್ರಾಯಕ್ಕಾಗಿ" ಎಂದು ಷರಾ ಬರೆದು, ಅರ್ಜಿಯನ್ನು ಇಡಿಯಾಗಿ, ಸಾಕ್ಷಿಯ ಹೆಸರು ವಿಳಾಸ ಸಮೇತ, ನಮ್ಮ ಸರ್ಕಾರಕ್ಕೇ ಕಳಿಸಿದಿರಿ. ಅಭಿಪ್ರಾಯ ಬೇಗನೇ ಬಂತು. ತಾವು ಕಳಿಸಿದ ಹದಿನಾಲ್ಕನೇ ದಿನ ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ. ತಮ್ಮನ್ನು ಕೇಳಿದ್ದಕ್ಕೆ ಬಂದ ಉತ್ತರ: "ಕಾರ್ಯವಿಧಾನದಲ್ಲಾದ ಲೋಪಕ್ಕೆ ವಿಷಾದಿಸುತ್ತೇವೆ. ಸದರಿ ವ್ಯಕ್ತಿಯ ಕುರಿತು ಪ್ರತ್ಯೇಕ ಅರ್ಜಿ ಸಲ್ಲಿಸಿ, ಪ್ರತ್ಯಕ್ಷಸಾಕ್ಷಿಯ ಸಹಿ ಲಗತ್ತಿಸತಕ್ಕದ್ದು." ಭೇಷ್! ಈ ಸಲ ಯಾರ ಮನೆ ಬಾಗಿಲಿಗೆ ಹೋಗಿ ಸಹಿ ಕೇಳಲಿ? ಇಷ್ಟು ವರ್ಷ ಬೆಳೆದ ಕಾನೂನಿಗೆ, ಇಷ್ಟೊಂದು ಸಮಿತಿಗಳಿಗೆ, ಕಳಿಸುವ ಮುನ್ನ ಒಂದು ಹೆಸರನ್ನು ಹೊಡೆದುಹಾಕುವಷ್ಟು ವ್ಯವಧಾನ ಇರಲಿಲ್ಲವೇ?

ಸರ್ಕಾರವನ್ನು ನಾನು ನಂಬಿರಲಿಲ್ಲ, ಹಾಗಾಗಿ ಅದು ನನಗೆ ಮೋಸ ಮಾಡಿತೆನ್ನಲಾರೆ. ಮೋಸ ಮಾಡಿದ್ದು ತಾವು. ಕ್ಷೌರದಂಗಡಿಯವನ ಹೆಂಡತಿ ದಿನವೂ ನಮ್ಮ ಮನೆಗೆ ಬರುತ್ತಾಳೆ. ಬೈದರೆ ಎಷ್ಟೋ ವಾಸಿ, ಬೈಯುವುದೂ ಇಲ್ಲ. "ಅಕ್ಕಾ, ಆ ಪುಸ್ತಕದೋರು ಏನಂದ್ರು?" ಎಂದು ಕೇಳುತ್ತಾಳೆ. ನನ್ನ ಅರ್ಜಿಯಿಂದಲೇ ಹೆಸರು ಹೊರಬಿತ್ತೆಂದು ಹೇಳಲು ನಾಲಿಗೆ ಏಳುತ್ತಿಲ್ಲ.

ನನ್ನ ಒತ್ತಾಯ ಇಷ್ಟೇ. ಆ ಹೆಸರು ತಮ್ಮ ಕೈಯಿಂದಲೇ ಹೋಯಿತೆಂದು ಬಹಿರಂಗವಾಗಿ ಒಪ್ಪಿಕೊಳ್ಳಿ. ಅವನೆಲ್ಲಿ ಎಂದು ನಮ್ಮ ಸರ್ಕಾರವನ್ನು ಎಲ್ಲರೆದುರು ಕೇಳಿ. ನನ್ನ ಗಂಡನ ಕಡತ ಅಡ್ಡ ಬರುವುದಾದರೆ ಅದನ್ನು ಪಕ್ಕಕ್ಕಿಡಿ. ಆತನೂ ಎಲ್ಲೋ ಬದುಕಿರಬಹುದು. ಆದರೂ ಮೊದಲು ಅವನ ಬಗ್ಗೆ ಕೇಳಿ.

ಈ ಪತ್ರವನ್ನು ಪತ್ರಿಕೆಗೂ ಕೊಟ್ಟಿದ್ದೇನೆ. ಅಚ್ಚಾದ ದಿನ ಅದನ್ನು ಹಿಡಿದು ಅವನ ಹೆಂಡತಿಯ ಮನೆಗೆ ಹೋಗುತ್ತೇನೆ. ಅವಳಿಗೆ ಓದು ಬರುವುದಿಲ್ಲ. ನಾನೇ ಕೂತು ಓದಿ ಹೇಳುತ್ತೇನೆ.

ಇಂತಿ,
ತಮ್ಮ ಮಾತನ್ನು ದಪ್ಪಕ್ಷರದಲ್ಲಿ ಹಾಕಿಸಿ ಕೆಟ್ಟ
ಕರಡು ತಿದ್ದುವವಳು