ಬಾಗಿಲ ಮೇಲಿನ ಬೋರ್ಡು

ಅಪ್ಪನಿಗೆ ನಮಸ್ಕಾರ.

ನಮ್ಮ ಕಲಾ ಪದವಿಗೆ ‘ಉದ್ಯೋಗ ಕೌಶಲ ಪದವಿ’ ಎಂದು ಹೆಸರಿಡಲು ವಿಶ್ವವಿದ್ಯಾಲಯದ ಸಭೆಯಲ್ಲಿ ಮೊದಲು ಕೈ ಎತ್ತಿದ ಸದಸ್ಯರು ನೀವೇ ಎಂದು ತಿಳಿಯಿತು. ಮಗಳಿಗೆ ಕೆಲಸ ಸಿಗಲಿ ಎಂಬ ಆಸೆ ಅದು, ಗೊತ್ತು. ಆದರೆ ಹೆಸರಿನ ಜೊತೆಗೆ ಇತಿಹಾಸ, ತತ್ವಶಾಸ್ತ್ರದ ಪಾಠಗಳೂ ಹೋಗುತ್ತವಂತೆ.

ಅಂತಿಮ ಒಪ್ಪಿಗೆಗೆ ಸೋಮವಾರದ ಸಭೆ ಇನ್ನೂ ಬಾಕಿ. ಅಷ್ಟರಲ್ಲೇ ಇಂದು ಮಧ್ಯಾಹ್ನ ಬಾಗಿಲ ಮೇಲಿದ್ದ ‘ಕಲಾ ವಿಭಾಗ’ದ ಬೋರ್ಡು ಇಳಿಸಿದರು. ತತ್ವಶಾಸ್ತ್ರದ ಮೇಡಂ ನೋಡುತ್ತಾ ನಿಂತಿದ್ದರು. “ಇನ್ನು ನನಗೇನಮ್ಮ ಕೆಲಸ ಇಲ್ಲಿ?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಬೋರ್ಡು ಕೊಡಿ ಎಂದು ಅದನ್ನು ಇಳಿಸಿದ ಬಡಗಿಯನ್ನು ಕೇಳಿದೆ.

“ಗುಜರಿಗೆ ಹಾಕೋಕೆ ಹೇಳಿದಾರಮ್ಮ.”

“ಹಾಗಾದ್ರೆ ನಾನೇ ಗುಜರಿಯವಳು ಅಂದ್ಕೊಳ್ಳಿ,” ಎಂದು ಎತ್ತಿಕೊಂಡು ಬಂದೆ. ಹಾಸ್ಟೆಲಿನ ನನ್ನ ಮಂಚದ ಕೆಳಗಿದೆ. ರಿಜಿಸ್ಟ್ರಾರ್ ಕೇಳಿದರೆ ಮುಚ್ಚಿಡದೆ ಹೇಳಿ.

ಸೋಮವಾರ ನೀವು ಬರುವ ಹೊತ್ತಿಗೆ ಅದು ಮತ್ತೆ ಬಾಗಿಲ ಮೇಲಿರುತ್ತದೆ. ನೀವು ಒಳಗೆ ಕೈ ಎತ್ತಿರಿ; ನಾನು ಹೊರಗೆ ನಿಂತು ಬೇಡ ಎಂದು ಕೂಗುತ್ತೇನೆ. ಆಮೇಲೆ ಊಟಕ್ಕೆ ಜೊತೆಯಲ್ಲೇ ಹೋಗೋಣ.

ಭಾನುವಾರವೇ ಮನೆಯ ಏಣಿ ಕಳಿಸಿಕೊಡಿ. ಕಳಿಸದಿದ್ದರೆ ಬೆಂಚಿನ ಮೇಲೆ ಬೆಂಚಿಟ್ಟು ಹತ್ತುತ್ತೇನೆ. ಬಿದ್ದರೆ ಅಮ್ಮನಿಗೆ ಉತ್ತರ ಹೇಳಬೇಕಾದವರು ನೀವು.

ನಿಮ್ಮಷ್ಟೇ ಹಠದ,
ಮಗಳು