ನಮ್ಮ ಅಂಗಡಿಯ ಬೋರ್ಡು

ವಿಂಡ್ಸರ್, ಜುಲೈ ೯, ೨೦೧೩, ಮಂಗಳವಾರ

ಅರಮನೆಯ ಬಸಿರಿನಿಂದ ನನಗಾದ ಖರ್ಚು: ಆರುನೂರು ಪಿಂಗಾಣಿ ಕಪ್ಪು, ಒಬ್ಬಳು ಮಗಳು.

ಬೆಳಿಗ್ಗೆ ಗಿರಾಕಿಯೊಬ್ಬಳಿಗೆ, ಹುಟ್ಟಲಿರುವ ರಾಜಮನೆತನದ ಕೂಸಿನ ನೆನಪಿಗೆಂದು ಮಾಡಿಸಿದ ಕಪ್ಪು ತೋರಿಸುತ್ತ, "ಈ ಸಲ ಹೆಣ್ಣು ಹುಟ್ಟಿದ್ರೂ ಪಟ್ಟ ಅವಳಿಗೇ ಅಮ್ಮಾ. ಆಮೇಲೆ ತಮ್ಮ ಹುಟ್ಟಿದ್ರೂ ಕಿತ್ಕೊಳ್ಳೋ ಹಾಗಿಲ್ಲ, ಕಾನೂನೇ ಬದಲಾಗಿದೆ" ಎಂದು ಬಾಯ್ತುಂಬ ಹೇಳಿದೆ. ಪಕ್ಕದಲ್ಲಿದ್ದ ಹಿರಿಮಗಳು ಹೇಜಲ್ ನಕ್ಕಳು.

"ಅರಮನೆಯವ್ರೇ ಬದಲಾದ್ರು ಅಪ್ಪಾ. ನಮ್ಮ ಬೋರ್ಡು ಯಾವಾಗ?"

'ಟ್ರೆಂಥಮ್ ಮತ್ತು ಮಗ' ಎಂಬ ಬೋರ್ಡು ಮಗ ಕ್ಲೈವ್ ಹುಟ್ಟಿದ ವಾರ ಬರೆಸಿದ್ದು. ಅವತ್ತು ಏಣಿ ಹಿಡಿದಿದ್ದವಳು ಏಳು ವರ್ಷದ ಹೇಜಲ್.

"ಅಂಗಡಿ ಅವನ ಹೆಸರಿಗೆ ಬರೆದಾಯ್ತಲ್ಲಮ್ಮಾ" ಎಂದೆ.

"ಹಾಗಾದ್ರೆ ಕಪ್ಪೂ ಅವನೇ ಬಂದು ಒರೆಸ್ಲಿ." ಇಪ್ಪತ್ತು ವರ್ಷ ಗಲ್ಲಾ ನೋಡಿಕೊಂಡವಳು ಕೋಟು ಹಾಕಿಕೊಂಡು ಹೊರಟೇಹೋದಳು. ಅವಳು ಬಿಟ್ಟುಹೋದ ಬಟ್ಟೆ ತೆಗೆದುಕೊಂಡು ಕಪ್ಪು ನಾನೇ ಒರೆಸಿದೆ.

ಹುಟ್ಟದ ಕೂಸಿಗೆ ಸಿಂಹಾಸನ. ಮೀನು ಹಿಡಿಯಲು ಹೋಗಿರುವ ಕ್ಲೈವ್‌ಗೆ ಅಂಗಡಿ. ಹೇಜಲ್‌ಗೆ ಇಪ್ಪತ್ತು ವರ್ಷದಲ್ಲಿ ಮೊದಲ ಸಲ ರಜೆ. ನನಗೆ, ನಾಳೆ ಒಬ್ಬನೇ ಬಾಗಿಲು ತೆಗೆಯುವ ಕೆಲಸ.